ತಿಂಗಳಕಟ್ಟು

ಐದು ಜನರನ್ನು ಎಣಿಸುವುದಕ್ಕೆ ಎಷ್ಟು ಹೊತ್ತು ಬೇಕು? ರಾವಿಯಾ ಬೆಳಗಿನಿಂದ ಎಣಿಸುತ್ತಲೇ ಇದ್ದಳು. ನೈಲ್ ದಾಟಿ ದೋಣಿಯಿಂದ ಇಳಿಯುವಾಗ ಎಣಿಸಿದಳು, ಮಿನಿಬಸ್ ಹತ್ತಿಸುವಾಗ ಎಣಿಸಿದಳು, ಈಗ ಹೊಲದ ಅಂಚಿನಲ್ಲಿ ಕೂತಿರುವ ಎರಡು ಕಲ್ಲಿನ ರಾಜರ ಕಾಲಬುಡದಲ್ಲಿ ಮತ್ತೆ ಎಣಿಸಿದಳು. ಐದೇ. ಇಟಲಿಯ ಪ್ರವಾಸಿಗರು, ಇವಳು ಅವರ ಗೈಡ್. ಯಾರೂ ಎಲ್ಲಿಯೂ ತಪ್ಪಿಸಿಕೊಂಡಿರಲಿಲ್ಲ. ಕಣ್ಣು ಎಣಿಸುತ್ತಿದ್ದರೆ ಕೈ ಚೀಲದೊಳಗಿನ ಫೋನನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು.

"ಇವರ ಮುಖ ಯಾರು ಒಡೆದದ್ದು?" ಎಂದು ಎತ್ತೊರೆ ಕೇಳಿದ. ನಿವೃತ್ತ ಶಾಲಾ ಮಾಸ್ತರ, ಕೈಯಲ್ಲೊಂದು ದಪ್ಪ ಪುಸ್ತಕ.

"ಭೂಕಂಪ," ಎಂದಳು ರಾವಿಯಾ. ಬೇರೆ ದಿನವಾಗಿದ್ದರೆ ಇದೇ ಉತ್ತರ ಹತ್ತು ನಿಮಿಷ ಹಿಡಿಯುತ್ತಿತ್ತು.

ಮಧ್ಯಾಹ್ನದ ಬಾಂಗಿಗೆ ಸರಿಯಾಗಿ ಅವಳು ಗುಡ್ಡದ ಗೋರಿಯ ಮುಂದೆ ಇರಬೇಕಿತ್ತು. ಅವಳ ವಾರಗಿತ್ತಿ ಬದ್ರಿಯಾಳ ಎದೆಹಾಲು ನಿಂತು ಇವತ್ತಿಗೆ ಆರು ದಿನ. ಹತ್ತು ದಿನದ ಕೂಸು ಬಾಟಲಿಯ ಹಾಲನ್ನು ಕುಡಿದಷ್ಟೇ ಬೇಗ ಕಕ್ಕುತ್ತಿತ್ತು. ಹಾಲು ನಿಲ್ಲಿಸಿದವಳು ರಾವಿಯಾ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಲ್ಲ ಎನ್ನುವುದಕ್ಕೆ ಅವಳ ಬಳಿ ಓದಿದ ಮಾತುಗಳಿದ್ದವು. ಹೇಳಿರಲಿಲ್ಲ.

ಕಳೆದ ಗುರುವಾರ ಅವಳು ಖಬರಸ್ತಾನಕ್ಕೆ ಹೋಗಿದ್ದಳು. ಗಂಡ ರಿಫಾಯಿ ಸತ್ತು ಅಂದಿಗೆ ವರ್ಷ. ಹೋದ ಕಬ್ಬಿನ ಸುಗ್ಗಿಯಲ್ಲಿ, ಕಾಲುವೆ ರಸ್ತೆಯಲ್ಲಿ, ದೀಪವಿಲ್ಲದ ಒಂದು ಟ್ರ್ಯಾಕ್ಟರು ಮತ್ತು ಅವನ ಬೈಕು. ಖಬರಿನ ಮೇಲೆ ನೀರು ಚಿಮುಕಿಸಿ, ಅಲ್ಲಿದ್ದವರಿಗೆ ರೊಟ್ಟಿ, ಖರ್ಜೂರ ಹಂಚಿ, ಸೀದಾ ಮನೆಗೆ ಬಂದು, ಕಾಲು ತೊಳೆಯದೆ, ಆ ಧೂಳಿನಲ್ಲೇ ಬಾಣಂತಿ ಕೋಣೆಯ ಹೊಸ್ತಿಲು ದಾಟಿದ್ದಳು. ಹಾಗೆ ದಾಟಬಾರದು, ದಾಟಿದರೆ ಬಾಣಂತಿಯ ಹಾಲು ಕಟ್ಟಿಹೋಗುತ್ತದೆ. ಖಬರಸ್ತಾನದಿಂದ ಬಂದವರನ್ನು ಮಾತಾಡಿಸಲೇಬೇಕಿದ್ದರೆ ಬಾಣಂತಿಯೇ ಎದ್ದು ಹೊಸ್ತಿಲಾಚೆ ಬರಬೇಕು. ಆಗ ಏನೂ ಆಗುವುದಿಲ್ಲ. ಇದು ಅವರ ಊರು ಗುರ್ನಾದ ಐದು ವರ್ಷದ ಹುಡುಗಿಗೂ ಗೊತ್ತು. ರಾವಿಯಾಳಿಗಂತೂ ಬಾಯಿಪಾಠ. ಆರು ವರ್ಷದಿಂದ ಪ್ರವಾಸಿಗರಿಗೆ ಅವಳೇ ಹೇಳುತ್ತಿದ್ದಳು: "ನಮ್ಮ ಹಳ್ಳಿಗಳಲ್ಲಿ ಒಂದು ವಿಚಿತ್ರ ನಂಬಿಕೆಯಿದೆ." ಅವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಅದರ ಹೆಸರು ತಿಂಗಳಕಟ್ಟು. ಹೊಸ ಚಂದ್ರ ಕಾಣುವುದರೊಳಗೆ ಬಿಚ್ಚಿದರೆ ಬಿಚ್ಚಿತು. ಕಂಡ ಮೇಲೆ ಆ ಹೆರಿಗೆಯ ಹಾಲು ಮುಗಿದ ಹಾಗೆ. ಬಿಚ್ಚಬೇಕಾದರೆ ಬಾಣಂತಿ ಹಳೆಯ ಕಾಲದವರ ಗೋರಿಗೆ ಇಳಿದು ಅಲ್ಲಿನ ಹೊಂಡವನ್ನು ಏಳು ಸಲ ದಾಟಬೇಕು. ಕಟ್ಟು ಹಾಕಿದವಳು ಹೊಂಡದ ಆಚೆ ದಡದಲ್ಲಿ ನಿಂತಿರಬೇಕು. ಇವತ್ತು ತಿಂಗಳ ಇಪ್ಪತ್ತೊಂಬತ್ತನೇ ದಿನ. ಸಂಜೆ ಚಂದ್ರ ಕಂಡರೂ ಕಂಡೀತು.

ಅತ್ತೆ ಸಕೀನಾ ಮೊದಲು ಮನೆಯ ಮದ್ದುಗಳನ್ನೆಲ್ಲ ಮಾಡಿ ನೋಡಿದ್ದಳು. ಹಳೆಯ ಮಣಿಸರ ತೊಳೆದ ನೀರು, ಮೆಂತ್ಯದ ಕಷಾಯ, ಪಾರಿವಾಳದ ಸಾರು. ಯಾವುದೂ ನಡೆಯಲಿಲ್ಲ. ಆರೋಗ್ಯ ಕೇಂದ್ರದ ನರ್ಸು, "ಹಾಲು ಬರಲಿ ಬರದೇ ಇರಲಿ, ಕೂಸನ್ನ ಎದೆಗೆ ಹಾಕ್ತಾನೇ ಇರು," ಎಂದಿದ್ದಳು. ಬದ್ರಿಯಾ ಅದನ್ನೂ ಮಾಡುತ್ತಿದ್ದಳು. ನಿನ್ನೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ರಾವಿಯಾಳ ಬೆನ್ನಿಗೆ ಹೇಳಿದ್ದಳು:

"ನಾಳೆ ಯಾವ್ದೋ ಗುಂಪಿದೆ ಅಂದ್ಯಲ್ಲ. ಕೆಳಮನೆಗೆ ಕರ್ಕೊಂಡ್ ಬಾ ಅವ್ರನ್ನ. ಗುಂಪಿನ ಟಿಕೆಟ್ ಇದ್ರೆ ಮಾತ್ರ ಬೀಗ ತೆಗೀತೀನಿ ಅಂತಾನೆ ಕಾವಲು ಬಸ್ತಾವಿ. ಇನ್‌ಸ್ಪೆಕ್ಟರು ಮಧ್ಯಾಹ್ನದ ನಮಾಜಿಗೆ ಹೋಗ್ತಾನಂತೆ. ಅಷ್ಟೇ ಹೊತ್ತು ನಮ್ಗೆ."

ಕೆಳಮನೆ ಎಂದರೆ ಅವರ ಹಳೆಯ ಮನೆಯ ಅಡಿಯಲ್ಲಿದ್ದ ಗೋರಿ. ಮೂರು ಸಾವಿರ ವರ್ಷದ ಹಿಂದೆ ಯಾವುದೋ ರಾಜನ ಹೆಬ್ಬಾತುಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯದು. ಗುಡ್ಡದ ಮೇಲಿನ ಮನೆಗಳನ್ನೆಲ್ಲ ಕೆಡವಿ ಜನರನ್ನು ಬಯಲಿಗೆ ಸಾಗಿಸುವವರೆಗೂ ಸಕೀನಾ ಅದರ ಮುಂದಿನ ಅಂಗಳದಲ್ಲಿ ಕತ್ತೆ ಕಟ್ಟುತ್ತಿದ್ದಳು, ಒಳಗಿನ ತಂಪಿನಲ್ಲಿ ಈರುಳ್ಳಿ ಹರಡುತ್ತಿದ್ದಳು. ಈಗ ಅಲ್ಲಿ ಕಬ್ಬಿಣದ ಬಾಗಿಲಿದೆ.

"ಆಯ್ತು," ಎಂದಿದ್ದಳು ರಾವಿಯಾ.

ಈ ಆರು ದಿನದಲ್ಲಿ ಅವಳಿಗೆ ಬಾಣಂತಿಯ ಕೋಣೆಗೆ ಪ್ರವೇಶವಿರಲಿಲ್ಲ. ಕೂಸಿಗೆ ಹೆಸರಿಡುವ ಏಳನೇ ದಿನ ಎಲ್ಲರೂ ಒಳಗೆ ಒರಳು ಕುಟ್ಟಿ, ಜರಡಿ ಆಡಿಸಿ, ಹಾಡುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ಕಡಲೆ, ಬತ್ತಾಸು ಪೊಟ್ಟಣ ಕಟ್ಟುತ್ತಿದ್ದಳು. ಇಟ್ಟ ಹೆಸರು ರಿಫಾಯಿ. ಹುಟ್ಟುವ ಮೊದಲೇ ನಿಶ್ಚಯವಾಗಿತ್ತು. ಗಂಡಾದರೆ ಸತ್ತ ದೊಡ್ಡಪ್ಪನ ಹೆಸರು. ಈಗ ದಿನಕ್ಕೆ ಇಪ್ಪತ್ತು ಸಲ ಗೋಡೆಯಾಚೆಯಿಂದ ಆ ಹೆಸರು ಕೇಳುತ್ತದೆ. ರಿಫಾಯಿ ಕಕ್ಕಿದ, ರಿಫಾಯಿ ಮಲಗಿದ, ರಿಫಾಯಿಗೆ ಬಟ್ಟೆ ಬದಲಾಯಿಸು. ರಾವಿಯಾ ನಲ್ಲಿ ಬಿಡುತ್ತಾಳೆ. ನೀರಿನ ಸದ್ದು ಸ್ವಲ್ಪ ಹೊತ್ತು ಸಾಕಾಗುತ್ತದೆ.

ರಾಜರ ಕಣಿವೆಯಲ್ಲಿ ಅವಳು ಎಲ್ಲವನ್ನೂ ಹೊರಗೇ ನಿಂತು ಹೇಳಿ ಮುಗಿಸಿದಳು. ಗೋರಿಯೊಳಗೆ ಗೈಡ್‌ಗಳು ಬಾಯಿ ತೆರೆಯುವಂತಿಲ್ಲ. ನೆರಳಿನ ಬೆಂಚಿನ ಮೇಲೆ ಚಿತ್ರದ ಹಾಳೆಗಳನ್ನು ಹರಡಿ, ಇದು ಹನ್ನೆರಡು ಗಂಟೆಗಳ ಇರುಳು, ಇದು ಸೂರ್ಯನ ದೋಣಿ, ಇದು ಅಡ್ಡ ಬರುವ ಹಾವು ಎಂದು ಬೆರಳಿಟ್ಟು ತೋರಿಸಿ, "ನಲವತ್ತು ನಿಮಿಷ," ಎಂದು ಅವರನ್ನು ಇಳಿಸಿದಳು. ತಾನು ಮೇಲೆ ಉಳಿದಳು. ಕೂರಲಾಗಲಿಲ್ಲ. ಬೆಂಚಿನಿಂದ ನೀರಿನ ಅಂಗಡಿಗೆ, ನೀರಿನ ಅಂಗಡಿಯಿಂದ ಬೆಂಚಿಗೆ ನಡೆದಳು.

ನಲವತ್ತು ನಿಮಿಷಕ್ಕೆ ನಾಲ್ವರು ಬಂದರು. ಎತ್ತೊರೆ ಬರಲಿಲ್ಲ.

"ಅವನು ಹಾಗೇ," ಎಂದಳು ಅವನ ಅಕ್ಕ ಲೊರೆದಾನಾ. ಎಪ್ಪತ್ತು ದಾಟಿದ ಹೆಂಗಸು, ಬಿಳಿ ಟೋಪಿ, ಸೊಂಟನೋವು. ಎಲ್ಲಿ ಕಲ್ಲು ಕಂಡರೂ ಕೂರುತ್ತಿದ್ದಳು. "ನಮ್ಮಪ್ಪನ ಹೆಣ ಎತ್ತುವಾಗಲೂ ಇಗರ್ಜಿಯ ಗೋಡೆಬರಹ ಓದ್ತಾ ನಿಂತಿದ್ದ."

ಜೊತೆಯಲ್ಲಿದ್ದ ಹೊಸ ಗಂಡಹೆಂಡತಿ ನಕ್ಕರು. ಐದನೆಯವನು ಮಾತಾಡದ ಮನುಷ್ಯ. ಅವನು ನಗಲೂ ಇಲ್ಲ. ರಾವಿಯಾ ಗಡಿಯಾರ ನೋಡಿದಳು. ಹತ್ತೂವರೆ.

ಮಿನಿಬಸ್ಸಿನಲ್ಲಿ ಫೋನ್ ಬಡಿದುಕೊಂಡಿತು.

"ಎಲ್ಲಿದ್ದೀಯೇ?" ಅತ್ತೆಯ ದನಿ ಗಾಳಿಯಲ್ಲಿ ಹರಿಯುತ್ತಿತ್ತು. "ನಾವಾಗ್ಲೇ ಬಂದು ಕೂತಿದ್ದೀವಿ."

"ಇಷ್ಟು ಬೇಗನಾ? ಇನ್ನೂ ಒಂದೂವರೆ ಗಂಟೆ ಇದೆ ಅತ್ತೆ."

"ಬೇಗ ಬರ್ದೆ? ಟಿಕೆಟ್ ಕೇಳ್ತಾನಲ್ಲೇ ಇಲ್ಲಿ ಗೇಟಿನೋನು! ನಮ್ಮನೆ ಕಣಪ್ಪಾ ಇದು ಅಂದೆ. ನಾನು ಈ ಅಂಗಳದಲ್ಲಿ ನಾಕು ಮಕ್ಕಳು ಹೆತ್ತಿದ್ದೀನಿ ಅಂದೆ. ಹಂಗಾದ್ರೆ ನಾಕು ಟಿಕೆಟ್ ತಗೊಳ್ಳಿ ಹಾಜಮ್ಮ ಅಂತಾನೆ, ಪೋಕರಿ."

"ಬದ್ರಿಯಾ ಹೇಗಿದ್ದಾಳೆ?"

"ಬಿಸ್ಲಿಗೆ ಮುಖ ಮಾಡ್ಕೊಂಡ್ ಕೂತಿದ್ದಾಳೆ. ಕೂಸು ಬೆಳಗಿಂದ ಎರಡು ಸಲ ಕಕ್ತು. ನಾದಿನಿ ಹತ್ರ ಬಿಟ್ಟು ಬಂದಿದೀವಿ. ನೀನು ಬೇಗ ಬಾ."

ಡ್ರೈವರ್ ಕಿನಾವಿ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವನೂ ಗುರ್ನಾದವನೇ; ಅವನಿಗೆ ಎಲ್ಲ ಗೊತ್ತಿತ್ತು. ಇಡೀ ಊರಿಗೇ ಗೊತ್ತಿತ್ತು.

"ಗೈಡಮ್ಮ, ರಾಣಿ ಗುಡಿ ಬಿಟ್ಬಿಡೋಣ," ಎಂದ. "ಇವ್ರಿಗೇನ್ ಗೊತ್ತಾಗತ್ತೆ, ಇನ್ನೊಂದ್ ಗುಡಿ ತೋರ್ಸಿ ಇದೇ ಅದು ಅಂದ್ರಾಯ್ತು."

"ಆ ಮಾಸ್ತರನ ಕೈಯಲ್ಲಿ ಪುಸ್ತಕ ಇದೆ ಕಣೋ. ಅದರಲ್ಲಿ ನಕ್ಷೇನೂ ಇದೆ."

"ನಕ್ಷೆ ಇರೋರ್ಗೆ ಗೈಡ್ ಯಾಕೆ ಬೇಕು? ನನ್ನ ಕೇಳಿದ್ರೆ ಅವ್ನನ್ನ ಇಲ್ಲೇ ಇಳ್ಸಿ ಹೋಗೋಣ. ನಡ್ಕೊಂಡ್ ಬರ್ಲಿ, ನಕ್ಷೆ ನೋಡ್ಕೊಂಡು."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಹಿಂದೆ ತಿರುಗಿ ತಲೆ ಎಣಿಸಿದಳು.

ರಾಣಿಯ ಗುಡಿಯಲ್ಲಿ ಬಂಡೆಯ ಗೋಡೆ ಬಿಸಿಲನ್ನೆಲ್ಲ ಹಿಡಿದು ಮುಖಕ್ಕೆ ಎರಚುತ್ತಿತ್ತು. ರಾವಿಯಾ ಇಳಿಜಾರಿನ ಬುಡದಲ್ಲೇ ನಿಂತು ಮಾತು ಮುಗಿಸಿದಳು. ರಾಣಿ ಗಡ್ಡ ಕಟ್ಟಿಕೊಂಡು ಆಳಿದಳು, ಸತ್ತ ಮೇಲೆ ಅವಳ ಹೆಸರನ್ನು ಕೆತ್ತಿ ತೆಗೆದರು. ಹೆಸರಿಲ್ಲದವರು ಆಚೆ ಲೋಕದಲ್ಲಿ ಬದುಕುವುದಿಲ್ಲ ಎಂದು ಅವರ ನಂಬಿಕೆ. ಯಾರಾದರೂ ಹೆಸರು ಕೂಗುತ್ತಿರುವವರೆಗೆ ಸತ್ತವರು ಇದ್ದಾರೆ. ಸಾವಿರ ಸಲ ಹೇಳಿದ ಮಾತು. ಇವತ್ತು ಬಾಯಿಯಿಂದ ಬಿದ್ದಮೇಲೆ ಅವಳಿಗೆ ಮುಂದಿನ ವಾಕ್ಯ ನೆನಪಾಗಲಿಲ್ಲ. "ಮೂವತ್ತು ನಿಮಿಷ," ಎಂದಳು.

ಮೂವತ್ತು ನಲವತ್ತೈದಾಯಿತು. ಎತ್ತೊರೆ ಕಂಬಕ್ಕೊಂದು ಪುಟ ತಿರುವುತ್ತಿದ್ದ. ಅವಳು ಕೊನೆಗೆ ಮೇಲೆ ಹತ್ತಿ, ಮುಚ್ಚಿದ ಹಸಿರು ಕೊಡೆಯನ್ನು ಅವನ ಮುಂದೆ ಅಡ್ಡ ಹಿಡಿದಳು.

"ಸಿಗ್ನೋರ್, ಹೊರಡಬೇಕು."

"ಇನ್ನೊಂದು ಗೋಡೆ ಇದೆ. ಹಡಗಿನ ಚಿತ್ರ."

"ಹೊರಡಬೇಕು," ಎಂದಳು. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಅವನು ಪುಸ್ತಕ ಮುಚ್ಚಿದ.

ಗುಡ್ಡದ ದಾರಿಯಲ್ಲಿ ಹಾಲುಗಲ್ಲಿನ ಹೂಜಿ, ಬಟ್ಟಲು ಕೊರೆಯುವವರ ಅಂಗಡಿ ಸಿಗುತ್ತದೆ. ಅವಳ ಬಸ್ಸು ಅಲ್ಲಿ ನಿಲ್ಲದೆ ಹೋದದ್ದಿಲ್ಲ. ನಾಲ್ವರು ಕೆಲಸಗಾರರು ದೂರದಿಂದಲೇ ಬಸ್ಸನ್ನು ಗುರುತಿಸಿ, ಉಳಿ ಹಿಡಿದು ನೆಲದಲ್ಲಿ ಸಾಲಾಗಿ ಕೂತು ಕುಟ್ಟಲು ಶುರುಮಾಡಿದ್ದರು. ಮಾಲೀಕ ಕೆಂಪು ದಾಸವಾಳದ ಶರಬತ್ತಿನ ತಟ್ಟೆ ಹಿಡಿದು ರಸ್ತೆಗೇ ಬಂದಿದ್ದ. ಕಿನಾವಿ ವೇಗ ಕಡಿಮೆ ಮಾಡದೆ ಕಿಟಕಿಯಿಂದ ಕೈ ಹೊರಹಾಕಿದ.

"ಸಂಜೆ ಬರ್ತೀವಿ ಸಾಹುಕಾರ್ರೇ, ಕುಟ್ತಾ ಇರಿ!"

ಮಾಲೀಕ ತಟ್ಟೆ ಹಿಡಿದೇ ನಿಂತಿದ್ದ. ಧೂಳು ಅವನನ್ನು ಮುಚ್ಚಿತು.

ಗುಡ್ಡದ ಬುಡದಲ್ಲಿ ಇಳಿಯುವಾಗಲೇ ಕೆಳಗಿನ ಮಸೀದಿಯ ಬಾಂಗು ಎದ್ದಿತು. ಇನ್‌ಸ್ಪೆಕ್ಟರು ಮೋಟಾರ್‌ಬೈಕಿನಲ್ಲಿ ಎದುರಾಗಿ, ಕೈ ಎತ್ತಿ, ಇಳಿದು ಹೋದ. ರಾವಿಯಾ ಎಣಿಸಲಿಲ್ಲ. ಮುಂದೆ ಮುಂದೆ ಹತ್ತಿದಳು. ಕೆಡವಿದ ಮನೆಗಳ ಇಟ್ಟಿಗೆಪುಡಿ ಕಾಲಿಗೆ ಸಿಗುತ್ತಿತ್ತು. ಒಂದು ತುಂಡು ಗೋಡೆ ಇನ್ನೂ ನೀಲಿಯಾಗಿತ್ತು. ಅದು ಸಕೀನಾಳ ಅಡುಗೆಮನೆ. ಮದುವೆಗೆ ಮುಂಚೆ ರಿಫಾಯಿ ಒಮ್ಮೆ ತೋರಿಸಿದ್ದ. ಇಲ್ಲಿ ಒಲೆ, ಇಲ್ಲಿ ನಾನು ಬಿದ್ದು ಹಲ್ಲು ಮುರಿದುಕೊಂಡದ್ದು.

ಕಬ್ಬಿಣದ ಬಾಗಿಲ ಮುಂದೆ ಅತ್ತೆ ಕಪ್ಪು ಹೊದಿಕೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಬದ್ರಿಯಾ, ಇಪ್ಪತ್ತೆರಡರ ಹುಡುಗಿ, ತುಟಿ ಒಣಗಿತ್ತು. ರಾವಿಯಾ ಬರುವುದನ್ನು ನೋಡಿ ಏಳಲು ಹೋದಳು. ಅತ್ತೆ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದಳು.

"ಒಳಗ್ ಹೋದ್ಮೇಲೆ. ಇಲ್ಲಿ ಬೇಡ."

ಕಾವಲುಗಾರ ಬಸ್ತಾವಿ ಬೀಗದ ಗೊಂಚಲು ಅಲ್ಲಾಡಿಸಿದ. ಅರವತ್ತರ ಮುದುಕ, ಒಂದು ಕಣ್ಣಲ್ಲಿ ಪೊರೆ. "ಅರ್ಧ ಗಂಟೆ ರಾವಿಯಾ. ಅದರ ಮೇಲೆ ನನ್ನ ಕೆಲಸ ಹೋಗುತ್ತೆ."

"ಸಾಕು ಚಿಕ್ಕಪ್ಪ."

"ಇವರು?" ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ಐವರನ್ನು ಅವನು ಗಲ್ಲದಲ್ಲೇ ತೋರಿಸಿದ.

"ಇವರ ಟಿಕೆಟ್ಟಿನಲ್ಲೇ ಅಲ್ವಾ ನಾವು ಹೋಗೋದು."

ಬಸ್ತಾವಿ ಹೊರಗಿನ ಬಿಸಿಲಲ್ಲಿ ಒಂದು ಕನ್ನಡಿ ಇಟ್ಟ. ಬೆಳಕು ಮುರಿದು ಒಳಗೆ ಹೋಗಿ, ಎದುರಿನ ತಗಡಿಗೆ ತಾಗಿ, ಗೋಡೆಯ ಮೇಲೆ ಬಿತ್ತು. ಹೆಬ್ಬಾತುಗಳು ಎದ್ದುಬಂದವು. ನೂರಾರು, ಕತ್ತು ಮುಂದೆ ಚಾಚಿ, ಸಾಲುಸಾಲಾಗಿ. ಅವುಗಳ ಕೊನೆಯಲ್ಲಿ ಅಧಿಕಾರಿ ಮತ್ತು ಅವನ ಹೆಂಡತಿ ಒಂದೇ ಪೀಠದಲ್ಲಿ ಕೂತಿದ್ದರು. ಅವನ ಮುಖವನ್ನು ಯಾವ ಕಾಲದಲ್ಲೋ ಯಾರೋ ಕೊರೆದು ತೆಗೆದಿದ್ದರು. ಹೆಂಡತಿಯ ಕೈ ಮಾತ್ರ ಅವನ ಹೆಗಲ ಮೇಲೆ ಹಾಗೇ ಇತ್ತು.

ಇಟಲಿಯವರು ಗೋಡೆಗೆ ಮುಖ ಮಾಡಿದರು. ಒಳಗಿನ ಮೂಲೆಯಲ್ಲಿ ಹೊಂಡವಿತ್ತು. ಬಾಯಿ ಎರಡು ಮೊಳ, ಆಳ ಯಾರೂ ಅಳೆದದ್ದಿಲ್ಲ. ಮೇಲೆ ಹಲಗೆ ಮುಚ್ಚಿತ್ತು.

"ಹಲಗೆ ತೆಗಿ," ಎಂದಳು ಸಕೀನಾ.

"ಹಾಜಮ್ಮ, ಹಲಗೆ ಮೇಲೇ ದಾಟ್ಲಿ. ಹಸಿ ಬಾಣಂತಿ. ಬಿದ್ದರೆ?"

"ಹಲಗೆ ದಾಟಿದ್ರೆ ಮರದಂಗಡೀಲೂ ದಾಟ್ಬೋದಿತ್ತಲ್ಲಯ್ಯ. ಹೊಂಡದ ಉಸಿರು ತಾಗ್ಬೇಕು. ನಿನ್ನ ಹೆಂಡ್ತಿ ಎರಡನೇದ್ರಲ್ಲಿ ಇಲ್ಲೇ ದಾಟಿದ್ದು, ಮರ್ತೋಯ್ತಾ? ನಾನೇ ಕೈ ಹಿಡ್ದಿದ್ದೆ. ಆಗ ನಿನ್ಗೆ ಟಿಕೆಟ್ ಕೇಳಿದ್ನಾ ನಾನು?"

ಬಸ್ತಾವಿ ಗೊಣಗಿ ಎರಡು ಹಲಗೆ ಸರಿಸಿದ. ಕೆಳಗಿನಿಂದ ತಣ್ಣಗಿನ, ಹಳೆಯ ಧೂಳಿನ ಗಾಳಿ ಎದ್ದಿತು. ಅದೇ ವಾಸನೆ, ಎಂದುಕೊಂಡಳು ರಾವಿಯಾ. ಗುರುವಾರ ತನ್ನ ಕಾಲಿಗೆ ಅಂಟಿಕೊಂಡು ಬಂದದ್ದು.

ಅವಳು ಗೋಡೆಯ ಪಕ್ಕದಲ್ಲಿ ಸುತ್ತಿ ಆಚೆ ದಡಕ್ಕೆ ಹೋಗಿ ನಿಂತಳು. ಎದುರು ದಡದಲ್ಲಿ ಬದ್ರಿಯಾ ಚಪ್ಪಲಿ ಬಿಟ್ಟಳು. ಆರು ದಿನದ ನಂತರ ಇಬ್ಬರೂ ಎದುರೆದುರು ನೋಡಿಕೊಂಡರು.

"ಅಕ್ಕಾ," ಎಂದಳು ಬದ್ರಿಯಾ, ಪಿಸುದನಿಯಲ್ಲಿ, "ನಾನ್ ನಿಂಗೆ ಏನೂ ಅಂದಿಲ್ಲ ಕಣೇ. ಅಲ್ಲಾನಾಣೆ."

"ಗೊತ್ತು. ದಾಟು."

ಬದ್ರಿಯಾ ಲಂಗ ಎತ್ತಿ ದಾಟಿದಳು. ರಾವಿಯಾ ಕೈ ಹಿಡಿದು ಎಳೆದುಕೊಂಡಳು. ಒಂದು. ತಿರುಗಿ ಆಚೆ. ಎರಡು. ಹೊಟ್ಟೆ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಮೂರು. ಹಿಂದೆ ಪಿಸುಮಾತು ಕೇಳಿಸಿತು. ಇಟಲಿಯವರು ತಿರುಗಿ ನೋಡುತ್ತಿದ್ದರು. ಹೊಸ ಗಂಡ ಫೋನ್ ಎತ್ತಿದ.

"ಇದು ಕಾರ್ಯಕ್ರಮದಲ್ಲಿ ಇದೆಯಾ?" ಎಂದು ಎತ್ತೊರೆ ಕೇಳಿದ. "ಪುಸ್ತಕದಲ್ಲಿ ಇದರ ಬಗ್ಗೆ ಒಂದು ಟಿಪ್ಪಣಿ ಇದೆ. ಇದು ಹಳೆಯ ಆಚರಣೆ, ಅಲ್ಲವೇ? ವಿವರಿಸುತ್ತೀರಾ?"

ಗೋರಿಯೊಳಗೆ ಗೈಡ್ ಮಾತಾಡುವಂತಿಲ್ಲ ಎನ್ನಬಹುದಿತ್ತು. ನಮ್ಮ ಹಳ್ಳಿಗಳಲ್ಲಿ ಒಂದು ವಿಚಿತ್ರ ನಂಬಿಕೆಯಿದೆ ಎಂದೂ ಹೇಳಬಹುದಿತ್ತು. ಬಿಟ್ಟಿದ್ದರೆ ನಾಲಿಗೆ ಅದನ್ನು ತಾನೇ ಹೇಳುತ್ತಿತ್ತು.

"ಕಾರ್ಯಕ್ರಮವಲ್ಲ," ಎಂದಳು ಅವರ ಭಾಷೆಯಲ್ಲಿ. "ಇವರು ನನ್ನ ಮನೆಯವರು. ಇವಳು ನನ್ನ ಮೈದುನನ ಹೆಂಡತಿ. ಹಾಲು ನಿಂತಿದೆ. ನನ್ನಿಂದ."

ಲೊರೆದಾನಾ ಎದ್ದು, ಸೊಂಟ ಹಿಡಿದುಕೊಂಡು ಹೋಗಿ, ಹುಡುಗನ ಫೋನಿನ ಮೇಲೆ ಕೈಯಿಟ್ಟು ಕೆಳಗಿಳಿಸಿದಳು. ತಮ್ಮನ ತೋಳು ಹಿಡಿದು ಗೋಡೆಯ ಕಡೆ ತಿರುಗಿಸಿದಳು. "ಹೆಬ್ಬಾತು ಎಣಿಸು," ಎಂದಳು. ಐವರೂ ಬೆನ್ನು ಹಾಕಿ ನಿಂತರು.

"ಏನಂದ್ಯೇ ಅವ್ರಿಗೆ?" ಎಂದಳು ಸಕೀನಾ.

"ಇದ್ದದ್ದು ಹೇಳಿದೆ."

"ಅದೇ ಇದ್ದದ್ದನ್ನ ಇಲ್ಲೂ ಹೇಳ್ಬೇಕು. ಹೊಂಡಕ್ಕೆ ಹೇಳು. ಎಲ್ಲಿಂದ ಬಂದೆ, ಯಾಕೆ ಬಂದೆ, ಬಾಯ್ಬಿಟ್ಟು ಹೇಳಿ ವಾಪಸ್ ತಗೊಂಡೆ ಅನ್ಬೇಕು. ಇಲ್ದಿದ್ರೆ ಬರೀ ಕುಣಿದಂಗೆ."

ಬದ್ರಿಯಾ ಆಚೆ ಹೋಗಿ ಕಾಯುತ್ತಿದ್ದಳು. ನಾಲ್ಕು ಸಲ ಆಗಿತ್ತು. ರಾವಿಯಾ ಹೊಂಡ ನೋಡಿದಳು.

"ಖಬರಸ್ತಾನದಿಂದ ಬಂದೆ," ಎಂದಳು.

"ಅದು ಊರಿಗೇ ಗೊತ್ತು. ಯಾಕೆ ಬಂದೆ? ಗೊತ್ತಿರೋಳು ನೀನು. ಓದ್ದೋಳು. ಕಾಲೂ ತೊಳೀದೆ ನನ್ನ ಸೊಸೆ ಮೇಲೆ ಯಾಕ್ ನುಗ್ದೆ? ನಿಂಗೆ ಮಕ್ಕಳಾಗ್ಲಿಲ್ಲ ಅಂತ ಹೊಟ್ಟೆ ಉರಿ ಅಂತಾರೆ ಓಣೀಲಿ. ನಾನ್ ಹಾಗಂದಿಲ್ಲ. ಆದ್ರೂ ಕೇಳ್ತೀನಿ. ಯಾಕೆ?"

ಆರು ದಿನ ಯಾರೂ ಕೇಳಿರಲಿಲ್ಲ. ಬೈದಿದ್ದರು, ಅತ್ತಿದ್ದರು, ಕೇಳಿರಲಿಲ್ಲ. ಬಸ್ತಾವಿಯ ಕನ್ನಡಿ ಹೊರಗೆ ಗಾಳಿಗೆ ಅಲುಗಿತು. ಬೆಳಕು ಗೋಡೆಯ ಮೇಲೆ ಒಮ್ಮೆ ಓಲಾಡಿ ನಿಂತಿತು.

"ನಲ್ಲಿ ಹತ್ರಾನೇ ಹೋಗ್ತಿದ್ದೆ," ಎಂದಳು ರಾವಿಯಾ. "ಕಾಲು ತೊಳ್ಯಕ್ಕೆ. ಅಷ್ಟರಲ್ಲಿ ಒಳಗಿಂದ ಕರೆದ್ರಿ. ರಿಫಾಯಿ, ಎದ್ದೇಳೋ, ಬಿಸ್ಲು ನೆತ್ತಿಗ್ ಬಂತು ಅಂತ. ಅವರನ್ನ ಯಾವಾಗ್ಲೂ ಕರೀತಿದ್ರಲ್ಲ, ಹಾಗೇ. ಅದೇ ದನಿ. ಆಗ್ತಾನೇ ಖಬರಿಗೆ ನೀರ್ ಹಾಕಿ ಬಂದಿದ್ದೆ. ನಂಗೆ ಗೊತ್ತಿತ್ತು. ಆದ್ರೂ ಕಾಲು ಹೋಯ್ತು. ಅವರು ಮಲಗಿದಾರೇನೋ ಅಂತ ನೋಡಕ್ ಹೋದೆ."

ಸಕೀನಾ ಹೊದಿಕೆಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಕೂಸಿಗೆ ಹೆಸ್ರು ಒಗ್ಗುತ್ತಾ ನೋಡ್ತಿದ್ದೆ," ಎಂದಳು ಕೊನೆಗೆ. ದನಿ ಸಣ್ಣಗಾಗಿತ್ತು. "ನಾನೂ... ಹೆಸ್ರು ಬಾಯಿಗೆ ಬಂದಿದ್ದೇ ತಡ, ಉಳಿದಿದ್ದೆಲ್ಲ ತಾನೇ ಬಂತು. ಬಿಸ್ಲು ನೆತ್ತಿಗೆ ಅಂತ. ನಾಲ್ಕು ದಿನದ್ ಕೂಸಿಗೆ ಯಾರಾದ್ರೂ ಹಂಗಂತಾರಾ?"

ಹೊಂಡದ ಗಾಳಿ ಏಳುತ್ತಲೇ ಇತ್ತು.

"ಅಂದ್ರೆ ಕರ್ದೋಳು ನಾನೇ," ಎಂದಳು ಸಕೀನಾ. ಯಾರಿಗೂ ಅಲ್ಲ. ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟಳು. ಒಂದು, ಮತ್ತೊಂದು.

"ಹಾಜಮ್ಮ, ಏನಿದು?" ಎಂದ ಬಸ್ತಾವಿ.

"ಸುಮ್ನಿರಯ್ಯ. ಕೈ ಕೊಡು."

ಅವನ ಕೈ ಹಿಡಿದು, ಬಿಸ್ಮಿಲ್ಲಾ ಎಂದು, ನೋಯುವ ಮೊಣಕಾಲು ಎತ್ತಿ ಅವಳು ಹೊಂಡ ದಾಟಿದಳು. ಅರ್ಧಕ್ಕೆ ತೂಗಿದಳು, ರಾವಿಯಾ ಎರಡೂ ತೋಳಿನಿಂದ ಹಿಡಿದುಕೊಂಡಳು. ಅತ್ತೆಯ ಮೈ ಬಿಸಿಯಾಗಿ, ಭಾರವಾಗಿ, ಜೀರಿಗೆ ವಾಸನೆಯಾಗಿತ್ತು. ರಿಫಾಯಿಯನ್ನು ಮಣ್ಣು ಮಾಡಿದ ದಿನದ ನಂತರ ಇವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ.

ಅವಳು ರಾವಿಯಾಳ ಪಕ್ಕದಲ್ಲಿ, ಕಟ್ಟು ಹಾಕಿದವರ ದಡದಲ್ಲಿ, ನಿಂತಳು. "ಮೊದ್ಲಿಂದ," ಎಂದಳು ಬದ್ರಿಯಾಳಿಗೆ. "ಆ ನಾಲ್ಕು ಲೆಕ್ಕಕ್ಕಿಲ್ಲ. ಕಟ್ಟು ಹಾಕಿದೋರಲ್ಲಿ ಅರ್ಧ ಜನ ಈ ಕಡೆ ಇರ್ಲೇ ಇಲ್ಲ."

"ಅಯ್ಯೋ ಅತ್ತೆ, ಹೊಲಿಗೆ ಎಳೀತಿದೆ!"

"ನಿಧಾನಕ್ಕೇ ಬಾ. ಇಬ್ರು ಹಿಡ್ಕೋತೀವಿ."

ಈಚೆ ಇಬ್ಬರು, ಆಚೆ ಬಸ್ತಾವಿ. ಅವನು ಮುಖ ಬೇರೆ ಕಡೆ ತಿರುಗಿಸಿ ಕೈ ಮಾತ್ರ ಚಾಚಿದ. ಬದ್ರಿಯಾ ದಾಟಿದಳು. ಒಂದು. ಎರಡು. ಯಾರೂ ಗಟ್ಟಿಯಾಗಿ ಎಣಿಸಲಿಲ್ಲ. ಗೋಡೆಯ ಕಡೆಯಿಂದ ಲೊರೆದಾನಾಳ ದನಿ ಮಾತ್ರ ಸಣ್ಣಗೆ ಬರುತ್ತಿತ್ತು, ತನ್ನ ಭಾಷೆಯಲ್ಲಿ, ಹೆಬ್ಬಾತುಗಳದ್ದೋ ಹೆಜ್ಜೆಗಳದ್ದೋ. ಏಳನೆಯದಕ್ಕೆ ಮೂವರೂ ಒಂದೇ ದಡದಲ್ಲಿದ್ದರು. ಸಕೀನಾ ಹೊಂಡದ ಕಡೆ ಬಗ್ಗಿ, "ವಾಪಸ್ ತಗೊಂಡ್ವಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ರಾವಿಯಾ ಕೂಡ ಅಂದಳು.

ಕೆಳಗೆ ಮೋಟಾರ್‌ಬೈಕಿನ ಸದ್ದು. ಬಸ್ತಾವಿ ಹಲಗೆ ಎಳೆದ.

ಮಧ್ಯಾಹ್ನವೆಲ್ಲ ರಾವಿಯಾ ಇನ್ನೊಂದು ಗುಡಿಯಲ್ಲಿ ಯುದ್ಧದ ಚಿತ್ರ ತೋರಿಸಿದಳು. ಕಡಿದ ಕೈಗಳ ರಾಶಿ, ಅದನ್ನು ಎಣಿಸುವ ಗುಮಾಸ್ತರು. ಫೋನ್ ತೆಗೆದು ನೋಡಿದಳು, ಇಟ್ಟಳು. ಕರೆ ಬರಲಿಲ್ಲ. ತಾನು ಮಾಡಲೂ ಧೈರ್ಯವಾಗಲಿಲ್ಲ. ಹಾಲುಗಲ್ಲಿನವರ ಶರಬತ್ತು ಕುಡಿದರು. ಮಾತಾಡದ ಮನುಷ್ಯ ಒಂದು ಸಣ್ಣ ಕಲ್ಲಿನ ಬೆಕ್ಕು ಕೊಂಡ. ದೋಣಿಕಟ್ಟೆಯಲ್ಲಿ ಎತ್ತೊರೆ ಕೈ ಕುಲುಕಿ, "ಮುನ್ನೂರ ಹನ್ನೆರಡು," ಎಂದ. "ಹೆಬ್ಬಾತುಗಳು. ಪುಸ್ತಕದಲ್ಲಿ ಮುನ್ನೂರು ಅಂತ ಬರೆದಿದ್ದಾರೆ." ಲೊರೆದಾನಾ ಅವಳ ಕೆನ್ನೆ ತಟ್ಟಿ ದೋಣಿ ಹತ್ತಿದಳು.

ಕಿನಾವಿ ಅವಳನ್ನು ಓಣಿಯ ತಲೆಯಲ್ಲಿ ಇಳಿಸಿದಾಗ ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ಮಾಳಿಗೆಗಳ ಮೇಲೆ ಜನ ನಿಂತು ಪಶ್ಚಿಮಕ್ಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಕಾಣುಸ್ತಾ?" "ನಿನ್ಗೆ?" "ಅದು ತಂತಿ ಕಣೋ ಕುರುಡ." ಆಕಾಶ ಇನ್ನೂ ಬೆಳ್ಳಗಿತ್ತು.

ಅವಳು ಅಂಗಳದ ನಲ್ಲಿಯಲ್ಲಿ ಕಾಲು ತೊಳೆದಳು. ಎರಡು ಸಲ ತೊಳೆದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲಿನಿಂದ ಎರಡು ಮಾರು ದೂರ ನಿಂತಳು. ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಒಳಗೆ ಸದ್ದಿರಲಿಲ್ಲ.

"ಬಂದ್ಯಾ?" ಎಂದಿತು ಅತ್ತೆಯ ದನಿ. ಆಮೇಲೆ ಯಾರಿಗೋ, "ಏಳು, ಏಳು. ಅವ್ಳು ಬರೋದ್ ಬೇಡ. ನೀನೇ ಹೋಗು."

ಮಂಚ ಕಿರುಗುಟ್ಟಿತು. ಬದ್ರಿಯಾ ಬಾಗಿಲಿಗೆ ಬಂದಳು. ಬರಿಗಾಲು, ಕೆದರಿದ ಕೂದಲು, ಎದೆಗೆ ಒತ್ತಿ ಹಿಡಿದ ಬಿಳಿ ಬಟ್ಟೆಯ ಗಂಟು. ಹೊಸ್ತಿಲು ದಾಟಿ, ಅಂಗಳದ ಬೆಳಕಿಗೆ ಬಂದು, ರಾವಿಯಾಳ ಎದುರು ನಿಂತಳು.

"ಬಂತಾ?" ಎಂದಳು ರಾವಿಯಾ.

"ಗೊತ್ತಿಲ್ಲ ಅಕ್ಕ. ಒಂದ್ ಕಡೆ ಒದ್ದೆಯಾಗಿದೆ. ಅರ್ಧ ಗಂಟೆ ಆಯ್ತು, ಇವ್ನು ಎದೆಯಿಂದ ಬಾಯಿ ತೆಗೀತಾ ಇಲ್ಲ. ಅತ್ತೆ ಮಾತಾಡ್ಬೇಡ ಅಂತಾರೆ. ನೀನೇ ಕಿವಿಗೊಟ್ಟು ಕೇಳು."

ರಾವಿಯಾ ಬಗ್ಗಿದಳು. ಕೂಸಿನ ಮುಖ ಕಾಣಲಿಲ್ಲ. ಒಂದು ಕಿವಿ, ಕೆಂಪು ನೆತ್ತಿ, ಮುಚ್ಚಿದ ಮುಷ್ಟಿ. ಮಾಳಿಗೆಯ ಮೇಲೆ ಯಾರೋ ಕೂಗಿಕೊಂಡರು. ಚಂದ್ರ ಕಂಡಿತೋ ಏನೋ. ಅವಳು ತಲೆಯೆತ್ತಲಿಲ್ಲ. ಕಿವಿ ಹತ್ತಿರ ತಂದಳು. ಉಸಿರು, ಎಳೆತ, ಎಳೆತ. ಆಮೇಲೆ ಗಂಟಲಲ್ಲಿ ಒಂದು ಸಣ್ಣ ಸದ್ದು, ನುಂಗಿದ ಸದ್ದು.

ಅವಳು ಉಸಿರು ಹಿಡಿದು ಇನ್ನೊಂದಕ್ಕೆ ಕಾದಳು. ಅದೂ ಬಂತು.

"ರಿಫಾಯಿ," ಎಂದಳು. ವರ್ಷದಲ್ಲಿ ಮೊದಲ ಸಲ. ಕೂಸು ತಿರುಗಲಿಲ್ಲ. ಅದಕ್ಕೆ ಕೆಲಸವಿತ್ತು.